ಬದಲಿಗೆ ಬಂದವನು

2004ರ ಗಣೇಶನ ಹಬ್ಬದಲ್ಲಿ ದಾವಣಗೆರೆಯ ಒಂದು ಪೆಂಡಾಲಿನಲ್ಲಿ ನಾನು ಬೇರೆಯವರ ಕೋಟು ಹಾಕಿಕೊಂಡು ಗಿಟಾರ್ ನುಡಿಸಿದ್ದೆ. ನೇರಳೆ ಬಣ್ಣದ ಕೋಟು, ಕಾಲರಿಗೆ ಮಿಣಮಿಣ ಹೊಳೆಯುವ ಪಟ್ಟಿ. ಆರ್ಕೆಸ್ಟ್ರಾದ ಯೂನಿಫಾರ್ಮ್ ಅದು. ಅವರ ಕಾಯಂ ಗಿಟಾರಿಸ್ಟಿಗೂ ಆರ್ಕೆಸ್ಟ್ರಾ ನಡೆಸುವವರಿಗೂ ದುಡ್ಡಿನ ವಿಷಯಕ್ಕೆ ಮಾತು ಬೆಳೆದಿತ್ತಂತೆ. ಕಾರ್ಯಕ್ರಮಕ್ಕೆ ಇನ್ನು ನಾಲ್ಕು ಗಂಟೆ ಅನ್ನುವಾಗ ಅವರು ಬರೋದಿಲ್ಲ ಅಂದುಬಿಟ್ಟರು. ಕೀಬೋರ್ಡ್ ನುಡಿಸುತ್ತಿದ್ದವನು ಕಾಲೇಜಿನಲ್ಲಿ ನನ್ನ ಸೀನಿಯರ್. ‘ಲೇ, ನಿಂಗೆ ಗಿಟಾರ್ ಕಾರ್ಡ್ಸ್ ಬರ್ತಾವಲ್ಲ, ಬಾ’ ಅಂತ ಬೈಕಿನಲ್ಲಿ ಬಂದು ನನ್ನನ್ನು ಎತ್ತಿಕೊಂಡು ಹೋದ.

ನುಡಿಸಿದ್ದು ಹೇಗಿತ್ತು ಅಂತ ನನಗೆ ನೆನಪಿಲ್ಲ. ನೆನಪಿರೋದು ಕೋಟು. ತೋಳು ಬೆರಳಿನ ತನಕ ಇಳಿದು, ತಂತಿಗೆ ತಾಕುತ್ತಿತ್ತು. ಇನ್ನೊಂದು ನೆನಪು, ಕಮಿಟಿಯ ಒಬ್ಬರು ಹಿರಿಯರದು. ಸ್ಟೇಜಿನ ಪಕ್ಕ ಮೂರು ಸಲ ಬಂದು ನನ್ನನ್ನೇ ನೋಡುತ್ತಾ ಬೇರೆಯವರನ್ನು ಕೇಳಿದ್ದರು: ‘ಅವರು ಬಂದಿಲ್ವಾ?’

ಹೆಚ್ಚೂಕಡಿಮೆ ಅದೇ ದಿನಗಳಲ್ಲಿ ಆಂಥನಿ ರೊಸ್ಸೊಮ್ಯಾಂಡೊ ಅನ್ನುವ ಅಮೆರಿಕದ ಗಿಟಾರಿಸ್ಟ್ ಒಬ್ಬ ಲಂಡನ್ನಿನ ಬ್ಯಾಂಡೊಂದರ ಜೊತೆ ಊರೂರು ಸುತ್ತುತ್ತಿದ್ದ. ಅವನು ನಿಂತಿದ್ದ ಜಾಗವೂ ಅವನದ್ದಾಗಿರಲಿಲ್ಲ. ಆ ಬ್ಯಾಂಡಿನ ಹೊಸ ಆಲ್ಬಂ ಆಗಷ್ಟೇ ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿತ್ತು. ಅದರಲ್ಲಿ ಅವನದು ಒಂದು ಸ್ವರವೂ ಇರಲಿಲ್ಲ. ಜನ ದುಡ್ಡು ಕೊಟ್ಟು ಬಂದಿದ್ದು ಇನ್ನೊಬ್ಬನನ್ನು ನೋಡುವ ಆಸೆಗೆ. ಆ ಇನ್ನೊಬ್ಬ ಬದುಕಿದ್ದ, ಹಾಡುತ್ತಲೂ ಇದ್ದ, ಆದರೆ ಈ ಬ್ಯಾಂಡಿನ ಸ್ಟೇಜಿಗೆ ಅವನನ್ನು ಸೇರಿಸುತ್ತಿರಲಿಲ್ಲ.

ಬ್ಯಾಂಡಿನ ಹೆಸರು ದಿ ಲಿಬರ್ಟೀನ್ಸ್. ನನಗೆ ಆಗ ಅದರ ಹೆಸರೇ ಗೊತ್ತಿರಲಿಲ್ಲ. ಎರಡು ವರ್ಷ ಆದಮೇಲೆ ಬೆಂಗಳೂರಿನ ಪಿಜಿಯಲ್ಲಿ ರೂಮ್‌ಮೇಟ್ ಒಬ್ಬನ ಹಾರ್ಡ್‌ಡಿಸ್ಕಿನಲ್ಲಿ ಸಿಕ್ಕಿತು. ಫೋಲ್ಡರಿನ ಹೆಸರಿನ ಸ್ಪೆಲಿಂಗ್ ತಪ್ಪಿತ್ತು, ಹಾಡುಗಳ ಕ್ರಮವೂ ತಪ್ಪಿತ್ತು. ಊರಿಂದ ಬಂದಿದ್ದ ನಮ್ಮತ್ತೆ, ಸಂಗೀತ ಪಾಠ ಹೇಳುವವರು, ಹತ್ತು ಸೆಕೆಂಡ್ ಕೇಳಿ, ‘ಇದೇನೋ, ಶ್ರುತಿ ಸೇರಿಸೋ ಮುಂಚೆನೇ ಶುರು ಮಾಡಿಬಿಟ್ಟಿದಾರಲ್ಲ’ ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ನನಗೆ ಹಿಡಿಸಿದ್ದೂ ಅದೇ.

ನಮ್ಮಲ್ಲಿ ಗ್ಯಾರೇಜ್ ಅಂದರೆ ಗ್ರೀಸ್ ಮೆತ್ತಿದ ಬನಿಯನ್, ಬಿಚ್ಚಿ ಹರಡಿದ ಸ್ಪ್ಲೆಂಡರ್ ಬೈಕು. ‘ಗ್ಯಾರೇಜ್ ರಾಕ್’ ಅನ್ನುವಲ್ಲಿ ಗ್ಯಾರೇಜ್ ಅಂದರೆ ಮನೆಗೆ ಅಂಟಿಕೊಂಡ ಕಾರ್ ಶೆಡ್. 1960ರ ದಶಕದಲ್ಲಿ ಅಮೆರಿಕದ ಹುಡುಗರು ಬೀಟಲ್ಸ್, ರೋಲಿಂಗ್ ಸ್ಟೋನ್ಸ್ ಕೇಳಿ ಹುಚ್ಚು ಹಿಡಿಸಿಕೊಂಡು, ಅಪ್ಪನ ಕಾರನ್ನು ಆಚೆ ನಿಲ್ಲಿಸಿ ಶೆಡ್ಡಿನಲ್ಲಿ ಅಭ್ಯಾಸ ಮಾಡುತ್ತಿದ್ದರು. ಮೂರು ಕಾರ್ಡು, ಅಗ್ಗದ ಆಂಪ್ಲಿಫೈಯರ್, ಕಿರುಚುವ ಗಂಟಲು. ಒಂದು ಹಾಡು ಊರಿನ ರೇಡಿಯೋದಲ್ಲಿ ಬಂದರೆ ಬಂತು, ಆಮೇಲೆ ಕಾಲೇಜು, ಕೆಲಸ, ಮದುವೆ. ಮರೆತೇ ಹೋಗುತ್ತಿದ್ದ ಇಂಥ ಹಾಡುಗಳನ್ನು 1972ರಲ್ಲಿ ಲೆನ್ನಿ ಕೇ ಅನ್ನುವವರು ಆಯ್ದು ‘ನಗೆಟ್ಸ್’ ಅಂತ ಎರಡು ಎಲ್‌ಪಿಗಳಲ್ಲಿ ತಂದರು. ಆಮೇಲೆ ಬಂದ ಎಷ್ಟೋ ಬ್ಯಾಂಡುಗಳಿಗೆ ಅದು ಬಾಲಬೋಧೆಯಂತಾಯಿತು.

2001ರ ಹೊತ್ತಿಗೆ ಈ ಕಚ್ಚಾ ಸದ್ದು ಮತ್ತೆ ಎದ್ದು ಬಂತು. ನ್ಯೂಯಾರ್ಕಿನ ಸ್ಟ್ರೋಕ್ಸ್, ಡೆಟ್ರಾಯ್ಟಿನ ವೈಟ್ ಸ್ಟ್ರೈಪ್ಸ್, ಸ್ವೀಡನ್ನಿನ ಹೈವ್ಸ್, ಆಸ್ಟ್ರೇಲಿಯಾದ ವೈನ್ಸ್. ಎಲ್ಲರ ಹೆಸರಿನ ಮುಂದೆಯೂ ಒಂದು ‘ದಿ’, ಹೆಚ್ಚಿನವರ ಮೈಮೇಲೆ ಒಂದು ಬಿಗಿ ಜಾಕೆಟ್. ಪತ್ರಿಕೆಗಳು ರಾಕ್ ಸಂಗೀತಕ್ಕೆ ಮರುಜೀವ ಬಂತು ಅಂತ ಬರೆದವು. ಇವುಗಳಲ್ಲಿ ಸ್ಟ್ರೋಕ್ಸ್‌ನ ಐದು ಜನ ಇವತ್ತಿಗೂ ಅದೇ ಐದು ಜನ. ಹೈವ್ಸ್‌ನಲ್ಲಿ 2013ರಲ್ಲಿ ಬೇಸ್ ಗಿಟಾರಿನವರು ಆರೋಗ್ಯದ ಕಾರಣಕ್ಕೆ ಬಿಟ್ಟರು, ಇನ್ನೊಬ್ಬರು ಅದೇ ಕಪ್ಪು ಬಿಳುಪು ಸೂಟು ತೊಟ್ಟು ಬಂದರು, ಕತೆ ಮುಂದುವರಿಯಿತು. ಲಂಡನ್ನಿನ ಲಿಬರ್ಟೀನ್ಸ್ ಮಾತ್ರ ಬೇರೆ ಜಾತಿ. ಅವರಲ್ಲಿ ಯಾರು ಬ್ಯಾಂಡಿನಲ್ಲಿದ್ದಾರೆ, ಯಾರು ಇಲ್ಲ ಅನ್ನುವುದೇ ಒಂದು ಹಾಡಿನಷ್ಟು ಚರ್ಚೆಯಾಗುತ್ತಿತ್ತು.

ಶುರುವಾಗಿದ್ದು ಇಬ್ಬರಿಂದ. ಕಾರ್ಲ್ ಬರಾಟ್ ಲಂಡನ್ನಿನ ಬ್ರುನೆಲ್ ಯೂನಿವರ್ಸಿಟಿಯಲ್ಲಿ ನಾಟಕ ಓದುತ್ತಿದ್ದ. ಪೀಟ್ ಡೊಹರ್ಟಿಯ ಅಕ್ಕ ಅವನಿದ್ದ ಮನೆಯಲ್ಲೇ ಬಾಡಿಗೆಗಿದ್ದಳು. ಪೀಟ್ ಮಿಲಿಟರಿ ಅಧಿಕಾರಿಯ ಮಗ, ದಂಡಿನ ಊರುಗಳಲ್ಲಿ ಬೆಳೆದವನು. ಅಕ್ಕನನ್ನು ನೋಡೋಕೆ ಬಂದವನು ಕಾರ್ಲ್‌ಗೆ ಗಂಟುಬಿದ್ದ. ಆಮೇಲೆ ಪೀಟ್ ಲಂಡನ್ನಿಗೆ ಇಂಗ್ಲಿಷ್ ಸಾಹಿತ್ಯ ಓದೋಕೆ ಸೇರಿ, ಒಂದೇ ವರ್ಷಕ್ಕೆ ಬಿಟ್ಟ. ಕಾರ್ಲ್ ಕೂಡ ಡಿಗ್ರಿ ಮುಗಿಸಲಿಲ್ಲ. ಇಬ್ಬರೂ ಒಂದು ಫ್ಲ್ಯಾಟು ಹಿಡಿದು ಹಾಡು ಬರೆಯೋಕೆ ಕೂತರು. ಅವರದೊಂದು ಕಲ್ಪನೆಯ ನಾಡಿತ್ತು, ಅದರ ಹೆಸರು ಆರ್ಕೇಡಿಯಾ. ಅಲ್ಲಿಗೆ ಹೋಗುವ ಹಡಗಿನ ಹೆಸರು ಆಲ್ಬಿಯನ್. ಇಪ್ಪತ್ತರ ಹುಡುಗರ ಹುಡುಗಾಟ ಅಂತ ನಗಬಹುದು. ನಾನೂ ಮೊದಲು ನಕ್ಕಿದ್ದೆ.

ಅವರ ಮೊದಲ ತಂಡವನ್ನು ಇವತ್ತು ಯಾರೂ ನೆನೆಸುವುದಿಲ್ಲ. ಬೇಸ್ ಗಿಟಾರಿಗೆ ಜಾನ್ ಹಸಲ್. ಡ್ರಮ್ಸಿಗೆ ಪಾಲ್ ಡುಫೋರ್, ಇವರೆಲ್ಲರಿಗಿಂತ ವಯಸ್ಸಿನಲ್ಲಿ ಎಷ್ಟೋ ಹಿರಿಯರು. ಆಗಿನ ಹಾಡುಗಳು ಮೆತ್ತಗೆ, ಹಳೆ ಕಾಲದ ಇಂಗ್ಲಿಷ್ ಪಾಪ್ ಥರ ಇವೆ. ಕಂಪನಿಗಳು ಯಾವುದೂ ಕೈಹಿಡಿಯಲಿಲ್ಲ. 2000ದ ಕೊನೆಗೆ ಬೇಸರಗೊಂಡು ತಂಡ ಒಡೆಯಿತು. ಹಸಲ್ ಹೋದ, ಡುಫೋರ್ ಹೋದರು.

ಮುಂದಿನ ವರ್ಷವೇ ಸ್ಟ್ರೋಕ್ಸ್ ಬ್ರಿಟನ್ನಿಗೆ ಬಂದು ಎಲ್ಲರ ತಲೆ ಕೆಡಿಸಿತು. ಬ್ರಿಟನ್ನಿನಲ್ಲಿ ಅವರನ್ನು ಹೊರತಂದಿದ್ದು ರಫ್ ಟ್ರೇಡ್ ಅನ್ನುವ ಸಣ್ಣ ಕಂಪನಿ. ಲಿಬರ್ಟೀನ್ಸ್ ಬಗ್ಗೆ ಆಸ್ಥೆಯಿಟ್ಟಿದ್ದ ಬ್ಯಾನಿ ಪೂಸ್ಚಿ ವಕೀಲೆ, ಸಂಗೀತ ಹಕ್ಕುಗಳ ಕಂಪನಿಯೊಂದರಲ್ಲಿ ಕೆಲಸ. ಆಕೆ ಲೆಕ್ಕ ಹಾಕಿದಳು: ಹಾಡು ಚುರುಕಾಗಬೇಕು, ಆರು ತಿಂಗಳಲ್ಲಿ ರಫ್ ಟ್ರೇಡಿನ ಬಾಗಿಲು ತೆರೆಸಬೇಕು. ಅದಕ್ಕೆ ‘ಪ್ಲ್ಯಾನ್ ಎ’ ಅಂತ ಹೆಸರನ್ನೂ ಇಟ್ಟರು. ಪೀಟ್ ಮತ್ತು ಕಾರ್ಲ್ ಹೊಸ ಹಾಡು ಬರೆದರು, ವೇಗದ ಹಾಡುಗಳು. ಗ್ಯಾರಿ ಪೊವೆಲ್ ಡ್ರಮ್ಸಿಗೆ ಬಂದ. ಅವನು ಎಡ್ಡಿ ಗ್ರಾಂಟ್ ಅನ್ನುವ ಹಾಡುಗಾರನ ಜೊತೆ ನುಡಿಸಿ ಪಳಗಿದ್ದವನು. ಈ ಬ್ಯಾಂಡಿನಲ್ಲಿ ನಿಜವಾಗಿ ವಾದ್ಯ ಬರುತ್ತಿದ್ದದ್ದು ಅವನೊಬ್ಬನಿಗೆ ಅಂತ ನನ್ನ ತಕರಾರು. ಉಳಿದವರು ಎಡವುತ್ತಾ ಓಡುತ್ತಾರೆ, ಅವರು ಬೀಳದಂತೆ ಕೆಳಗೆ ನೆಲ ಹಾಸುತ್ತಾ ಹೋಗೋದು ಪೊವೆಲ್.

ಬೇಸ್ ಗಿಟಾರಿನ ಜಾಗ ಮಾತ್ರ ಖಾಲಿ. ಅಲ್ಲಿಗೆ ಜಾನಿ ಬೊರೆಲ್ ಅನ್ನುವ ಗೆಳೆಯ ಬರಬೇಕಿತ್ತು. ರಫ್ ಟ್ರೇಡಿನವರ ಮುಂದೆ ನುಡಿಸುವ ದಿನಕ್ಕೆ ಅವನ ಪತ್ತೆಯೇ ಇಲ್ಲ. ಫೋನ್ ಮಾಡಿದರೆ ಅಲಬಾಮಾ 3 ಅನ್ನುವ ಬ್ಯಾಂಡಿನ ಬಸ್ಸಿನಲ್ಲಿ ಮಜಾ ಮಾಡ್ತಾ ಇದ್ದನಂತೆ. ಅವನಿಲ್ಲದೆಯೇ ನುಡಿಸಿದರು. 2001ರ ಡಿಸೆಂಬರಿನಲ್ಲಿ ಸಹಿ ಆಯಿತು. ಬೊರೆಲ್ ಆಮೇಲೆ ರೇಜರ್‌ಲೈಟ್ ಅನ್ನುವ ತನ್ನದೇ ಬ್ಯಾಂಡ್ ಕಟ್ಟಿದ, ದುಡ್ಡು ಹೆಸರು ಎರಡೂ ಮಾಡಿದ. ಬಸ್ ತಪ್ಪಿಸಿಕೊಂಡವರ ಕತೆ ಕೇಳಿದ್ದೇವೆ. ಇವನು ಬಸ್ಸಿನಲ್ಲಿ ಕೂತೇ ತಪ್ಪಿಸಿಕೊಂಡವನು.

ಸಹಿ ಆದಮೇಲೆ ಜಾನ್ ಹಸಲ್‌ಗೆ ಮತ್ತೆ ಕರೆ ಹೋಯಿತು. ಇದು ನನ್ನನ್ನು ಬಹಳ ಕಾಡುವ ಘಳಿಗೆ. ಹಿಂದೆ ಜೊತೆಗಿದ್ದವನು. ಬಿಟ್ಟಮೇಲೆ ಗೆಳೆಯರಿಗೆ ಅದೃಷ್ಟ ಖುಲಾಯಿಸಿದೆ. ಈಗ ಕರೆದಿದ್ದಾರೆ, ಆದರೆ ಈ ಹೊತ್ತಿಗೆ ಲಿಬರ್ಟೀನ್ಸ್ ಅಂದರೆ ಪೀಟ್ ಮತ್ತು ಕಾರ್ಲ್ ಅಂತ ಗಟ್ಟಿಯಾಗಿಹೋಗಿದೆ. ಮುಂದಿನ ಸಾಲು ಅವರಿಬ್ಬರದು, ನೀನು ಹಿಂದೆ ನಿಲ್ಲು. ಹಸಲ್ ಒಪ್ಪಿಕೊಂಡು ಬಂದು ನಿಂತ. ವಿಡಿಯೋಗಳಲ್ಲಿ ನೋಡಿ. ಮುಂದೆ ಇಬ್ಬರು ಒಂದೇ ಮೈಕಿಗೆ ಬಾಯಿ ಹಚ್ಚಿ ಒಬ್ಬರ ಮೇಲೊಬ್ಬರು ಬೀಳುತ್ತಿರುತ್ತಾರೆ. ಪಕ್ಕದಲ್ಲಿ ಒಬ್ಬ ಬ್ಯಾಂಕಿನ ಕ್ಯೂನಲ್ಲಿ ನಿಂತವನಂತೆ ಬೇಸ್ ನುಡಿಸುತ್ತಿರುತ್ತಾನೆ. ಅವನೇ.

ಇಂಥ ನಾಲ್ವರು ಸೇರಿ 2002ರಲ್ಲಿ ಏರಿದ ಬಗೆ ಮಾತ್ರ ಚಂದ. ಜೂನಿನಲ್ಲಿ ಬಂದ ಮೊದಲ ಸಿಂಗಲ್ಲಿನ, ಅಂದರೆ ಬಿಡಿ ಹಾಡಿನ ರೆಕಾರ್ಡಿನ, ತುಂಬಾ ಬೈಗುಳ. ರೇಡಿಯೋದವರು ಹಗಲು ಹೊತ್ತು ಹಾಕುವ ಹಾಗಿಲ್ಲ. ಆದರೂ 37ನೇ ಸ್ಥಾನ ಸಿಕ್ಕಿತು. ಅಕ್ಟೋಬರಿನಲ್ಲಿ ಮೊದಲ ಆಲ್ಬಂ ‘ಅಪ್ ದ ಬ್ರಾಕೆಟ್’, ಅದು 35ನೇ ಸ್ಥಾನ. ಹೇಳಿಕೊಳ್ಳುವ ಅಂಕಿಗಳೇನಲ್ಲ. ಆದರೆ ಆ ಆಲ್ಬಂ ಕೇಳಿ ಗಿಟಾರ್ ಹಿಡಿದ ಹುಡುಗರಿಂದ ಬ್ರಿಟನ್ನಿನಲ್ಲಿ ಮುಂದಿನ ನಾಲ್ಕೈದು ವರ್ಷ ಬ್ಯಾಂಡುಗಳ ಜಾತ್ರೆಯೇ ನೆರೆಯಿತು.

ಆಲ್ಬಮ್ಮನ್ನು ಮಾಡಿಸಿದ್ದು ಮಿಕ್ ಜೋನ್ಸ್, ಪಂಕ್ ಕಾಲದ ದಿ ಕ್ಲ್ಯಾಶ್ ಬ್ಯಾಂಡಿನ ಗಿಟಾರಿಸ್ಟ್. ಅವರು ಮಾಡಿದ ದೊಡ್ಡ ಕೆಲಸ ಅಂದರೆ ಇವರನ್ನು ತಿದ್ದದೆ ಬಿಟ್ಟದ್ದು. ನಾಲ್ವರನ್ನೂ ಒಟ್ಟಿಗೆ ನಿಲ್ಲಿಸಿ, ನುಡಿಸಿ, ಹಿಡಿದುಕೊಂಡರು. ಎರಡು ಗಿಟಾರುಗಳು ಒಂದೇ ಓಣಿಯಲ್ಲಿ ಎದುರುಬದುರು ಬಂದ ಸೈಕಲ್ಲುಗಳ ಹಾಗೆ ಒಂದಕ್ಕೊಂದು ಉಜ್ಜಿಕೊಂಡೇ ಹೋಗುತ್ತವೆ. ಒಬ್ಬ ಸಾಲು ಶುರು ಮಾಡುತ್ತಾನೆ, ಇನ್ನೊಬ್ಬ ಅದನ್ನು ಕಸಿದುಕೊಂಡು ಮುಗಿಸುತ್ತಾನೆ. ಯಾರು ಹಾಡುತ್ತಿದ್ದಾರೆ ಅಂತ ನನಗೆ ಎಷ್ಟೋ ದಿನ ಗೊತ್ತಾಗುತ್ತಲೇ ಇರಲಿಲ್ಲ. ನಮ್ಮತ್ತೆಗೆ ಕೇಳಿಸಿದ ಶ್ರುತಿಯ ತಪ್ಪು ಇದೇ ಇರಬೇಕು. ಆರ್ಕೆಸ್ಟ್ರಾದವರಾದರೆ ಇದನ್ನು ಇನ್ನೊಂದು ಟೇಕ್ ತೆಗೆದು ಸರಿ ಮಾಡುತ್ತಿದ್ದರು.

ಸ್ಟೇಜಿನ ಮೇಲೆ ಅವರು ಬ್ರಿಟಿಷ್ ಸೈನಿಕರ ಹಳೇ ಕೆಂಪು ಕೋಟು ಹಾಕುತ್ತಿದ್ದರು. ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿ ಪೀಟ್, ಕಾರ್ಲ್ ಇಬ್ಬರೂ ಸೇರಿ ಹಿಡಿದಿದ್ದ ಫ್ಲ್ಯಾಟಿಗೆ ‘ಆಲ್ಬಿಯನ್ ರೂಮ್ಸ್’ ಅಂತ ಹೆಸರಿಟ್ಟಿದ್ದರು. ಸಂಜೆ ಇಂಟರ್‌ನೆಟ್ಟಿನಲ್ಲಿ ಒಂದು ಸಾಲು ಹಾಕೋದು, ರಾತ್ರಿ ಆ ಫ್ಲ್ಯಾಟಿನ ಹಾಲಿನಲ್ಲೇ ಕಚೇರಿ. ಬಂದವರು ಅಡುಗೆಮನೆ, ಮೆಟ್ಟಿಲು ಅಂತ ಜಾಗ ಸಿಕ್ಕಲ್ಲಿ ನಿಂತು ಕೇಳೋದು. ಪೊಲೀಸರು ಬಂದರೆ ಅದೂ ಒಂದು ಐಟಂ. 2003ರ ಆರಂಭದಲ್ಲಿ ಎನ್‌ಎಂಇ ಅನ್ನುವ ಸಂಗೀತ ಪತ್ರಿಕೆ ಇವರಿಗೆ ಅತ್ಯುತ್ತಮ ಹೊಸ ಬ್ಯಾಂಡ್ ಪ್ರಶಸ್ತಿ ಕೊಟ್ಟಿತು.

ಅಷ್ಟರಲ್ಲಿ ಪೀಟ್ ಹೆರಾಯಿನ್ ಮತ್ತು ಕ್ರ್ಯಾಕ್ ಕೊಕೇನ್‌ಗೆ ಬಿದ್ದಿದ್ದ. ಈ ಭಾಗವನ್ನು ಹಿಗ್ಗಿಸಿ ಬರೆಯೋಕೆ ನನಗೆ ಇಷ್ಟವಿಲ್ಲ. ಇಂಗ್ಲೆಂಡಿನ ಟ್ಯಾಬ್ಲಾಯ್ಡುಗಳು ಅದನ್ನೇ ವರ್ಷಗಟ್ಟಲೆ ಉಂಡವು. ಕಲಾವಿದ ಅಂದಮೇಲೆ ಸ್ವಲ್ಪ ಹಾಳಾಗಿರಲೇಬೇಕು ಅಂತ ನಂಬಿದ ಅಭಿಮಾನಿಗಳೂ ಕಮ್ಮಿ ಇರಲಿಲ್ಲ. ನಾನೂ ಆ ವಯಸ್ಸಿನಲ್ಲಿ ಹಾಗೇ ನಂಬಿದ್ದೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

2003ರ ಜೂನ್. ಕಾರ್ಲ್‌ನ ಹುಟ್ಟುಹಬ್ಬ. ಪೀಟ್ ಅವನಿಗಾಗಿ ಒಂದು ಸಣ್ಣ ಕಾರ್ಯಕ್ರಮ ಇಟ್ಟುಕೊಂಡಿದ್ದ. ಕಾರ್ಲ್ ಬೇರೆ ಗೆಳೆಯರ ಪಾರ್ಟಿಯಲ್ಲಿ ಸಿಕ್ಕಿಹಾಕಿಕೊಂಡು ಬರಲೇ ಇಲ್ಲ. ಪೀಟ್‌ಗೆ ಅದು ಚುಚ್ಚಿತು. ಮರುದಿನ ಜರ್ಮನಿಗೆ ಹೊರಟ ರೈಲಿಗೆ ಪೀಟ್ ಬರಲಿಲ್ಲ. ಒಪ್ಪಿಕೊಂಡ ಕಾರ್ಯಕ್ರಮ ಬಿಡೋ ಹಾಗಿಲ್ಲ. ಗಿಟಾರುಗಳಿಗೆ ತಂತಿ ಕಟ್ಟಿ ಶ್ರುತಿ ಮಾಡಿಕೊಡುವ ಕೆಲಸದ ಹುಡುಗನನ್ನೇ ಸ್ಟೇಜಿಗೆ ಹತ್ತಿಸಿ ಪೀಟ್‌ನ ಜಾಗದಲ್ಲಿ ನಿಲ್ಲಿಸಿದರು. ಬದಲಿಗೆ ಬಂದವರ ಸಾಲಿನಲ್ಲಿ ಇವನೇ ಮೊದಲಿಗ. ಅವನಿಗೆ ಯಾರ ಕೋಟು ಕೊಟ್ಟಿದ್ದರೋ.

ಚಟ ಬಿಟ್ಟು ಬಾ, ಆಮೇಲೆ ಬ್ಯಾಂಡಿಗೆ ಸೇರಿಸಿಕೊಳ್ಳುತ್ತೇವೆ ಅಂತ ಉಳಿದವರು ಹೇಳಿದರು. ಜುಲೈಯಲ್ಲಿ ಅವನನ್ನು ಬಿಟ್ಟೇ ಜಪಾನಿಗೆ ಹೋದರು. ಅವರು ಅಲ್ಲಿರುವಾಗ ಪೀಟ್ ಹಾರ್ಲಿ ಸ್ಟ್ರೀಟಿನಲ್ಲಿದ್ದ ಕಾರ್ಲ್‌ನ ಫ್ಲ್ಯಾಟಿನ ಬಾಗಿಲು ಒದ್ದು ಒಳನುಗ್ಗಿದ. ಒಂದು ಹಳೇ ಗಿಟಾರು, ಲ್ಯಾಪ್‌ಟಾಪು, ವಿಡಿಯೋ ರೆಕಾರ್ಡರು, ಸಿಡಿ ಪ್ಲೇಯರು, ಒಂದು ಮೌತ್ ಆರ್ಗನ್. ಈ ಪಟ್ಟಿಯನ್ನು ನಾನು ಎಷ್ಟು ಸಲ ಓದಿದ್ದೇನೋ. ಡ್ರಗ್ಸಿಗೆ ದುಡ್ಡು ಬೇಕಾದವನು ಲ್ಯಾಪ್‌ಟಾಪ್ ಕದಿಯೋದು ಅರ್ಥವಾಗುತ್ತದೆ. ಮೌತ್ ಆರ್ಗನ್ ಮಾರಿದರೆ ಎಷ್ಟು ಸಿಗುತ್ತೆ? ನನ್ನ ಗುಮಾನಿ, ಗೆಳೆಯ ತನ್ನನ್ನು ಬಿಟ್ಟು ಹೋದನಲ್ಲ ಅನ್ನುವ ಸಂಕಟಕ್ಕೆ ಅವನ ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡಿರಬೇಕು. ನನ್ನ ಊಹೆ ಅಷ್ಟೇ, ಕೋರ್ಟು ಅಂಥದ್ದನ್ನೆಲ್ಲ ಕೇಳಲಿಲ್ಲ. ತಪ್ಪೊಪ್ಪಿಕೊಂಡ ಪೀಟ್‌ಗೆ ಆರು ತಿಂಗಳ ಶಿಕ್ಷೆಯಾಯಿತು. ಮೇಲ್ಮನವಿಯಲ್ಲಿ ಅದು ಎರಡು ತಿಂಗಳಿಗೆ ಇಳಿಯಿತು. ಹೆಚ್ಚೂಕಡಿಮೆ ಒಂದು ತಿಂಗಳು ವಾಂಡ್ಸ್‌ವರ್ತ್ ಜೈಲಿನಲ್ಲಿದ್ದ.

2003ರ ಅಕ್ಟೋಬರ್ 8ಕ್ಕೆ ಬಿಡುಗಡೆ. ಜೈಲಿನ ಗೇಟಿನ ಆಚೆ ಕಾರ್ಲ್ ಬಂದು ನಿಂತಿದ್ದ. ಮನೆ ಒಡೆಸಿಕೊಂಡವನು ಒಡೆದವನನ್ನು ಕರೆದುಕೊಂಡು ಹೋಗೋಕೆ ಬಂದಿದ್ದಾನೆ. ಅವತ್ತು ರಾತ್ರಿಯೇ ಕೆಂಟ್ ಜಿಲ್ಲೆಯ ಚ್ಯಾಟಮ್ ಊರಿನ ಟ್ಯಾಪ್ ಅಂಡ್ ಟಿನ್ ಅನ್ನುವ ಪುಟ್ಟ ಕ್ಲಬ್ಬಿನಲ್ಲಿ ನಾಲ್ವರೂ ನುಡಿಸಿದರು. ಆ ರಾತ್ರಿ ರೋಜರ್ ಸಾರ್ಜೆಂಟ್ ತೆಗೆದ ಫೋಟೋ ಮುಂದೆ ಎರಡನೇ ಆಲ್ಬಮ್ಮಿನ ಮುಖಪುಟವಾಯಿತು. ಇಬ್ಬರೂ ತೋಳಿನ ಮೇಲಿನ ಹಚ್ಚೆ ತೋರಿಸುತ್ತಿದ್ದಾರೆ, ಎರಡೂ ಕಡೆ ಅದೇ ಪದ, ‘ಲಿಬರ್ಟೀನ್’, ಅದೂ ಕಾರ್ಲ್‌ನ ಕೈಬರಹದಲ್ಲಿ. ಆ ಫೋಟೋ ಎಷ್ಟು ಗಾಢವಾಗಿದೆಯೆಂದರೆ ಬ್ಯಾಂಡಿನಲ್ಲಿ ಇನ್ನಿಬ್ಬರಿದ್ದರು ಅನ್ನೋದೇ ಮರೆತುಹೋಗುತ್ತದೆ.

ಆ ಎರಡನೇ ಆಲ್ಬಮ್ಮಿಗೂ ಮಿಕ್ ಜೋನ್ಸ್ ಬಂದರು. ಈ ಸಲ ಸ್ಟುಡಿಯೋದಲ್ಲಿ ಕಾವಲಿನವರೂ ಇದ್ದರು, ಹಾಡುಗಾರರಿಬ್ಬರು ಹೊಡೆದಾಡಿಕೊಳ್ಳದ ಹಾಗೆ ನೋಡಿಕೊಳ್ಳೋಕೆ. ಮೊದಲ ಹಾಡೇ ಅವರ ಜಗಳ. ನೀನು ಮುರಿದೆ ಅಂತ ಒಬ್ಬ, ನೀನೇ ಮೊದಲು ಮುರಿದದ್ದು ಅಂತ ಇನ್ನೊಬ್ಬ, ಇಬ್ಬರೂ ಒಂದೇ ಹಾಡಿನಲ್ಲಿ. ಅದು ಸಿಂಗಲ್ಲಾಗಿ ಎರಡನೇ ಸ್ಥಾನಕ್ಕೆ ಏರಿತು. ಆಲ್ಬಂ 2004ರ ಆಗಸ್ಟ್ 30ಕ್ಕೆ ಬಂದು ಒಂದನೇ ಸ್ಥಾನಕ್ಕೇರಿತು. ನನಗೆ ಮೊದಲನೆಯದೇ ಹೆಚ್ಚು ಪ್ರೀತಿ. ಎರಡನೆಯದನ್ನು ಕೇಳುವಾಗ ಪಕ್ಕದ ಮನೆಯ ಜಗಳಕ್ಕೆ ಗೋಡೆಗೆ ಕಿವಿ ಕೊಟ್ಟ ಹಾಗಾಗುತ್ತದೆ, ಬಿಟ್ಟು ಬರೋಕೂ ಮನಸ್ಸಾಗದು.

ಆಲ್ಬಂ ಬಂದಾಗ ಪೀಟ್ ಮತ್ತೆ ಹೊರಗಿದ್ದ. ಜೂನಿನಲ್ಲಿ ಅವನನ್ನು ಥಾಯ್ಲೆಂಡಿನ ಥಾಮ್ ಕ್ರಬೋಕ್ ಅನ್ನುವ ಬೌದ್ಧ ಮಠಕ್ಕೆ, ಚಟ ಬಿಡಿಸೋಕೆ ಕಳಿಸಿದ್ದರು. ಮೂರೇ ದಿನಕ್ಕೆ ಅಲ್ಲಿಂದ ಓಡಿದ. ಉಳಿದವರು ಹಳೇ ಮಾತನ್ನೇ ಹೇಳಿದರು: ಸರಿಯಾಗಿ ಬಾ. ಟೂರ್ ಮಾತ್ರ ನಿಲ್ಲಲಿಲ್ಲ. ಬಾಸ್ಟನ್ನಿನ ಡ್ಯಾಮ್ ಪರ್ಸನಲ್ಸ್ ಬ್ಯಾಂಡಿನಿಂದ ರೊಸ್ಸೊಮ್ಯಾಂಡೊನನ್ನು ಕರೆಸಿದರು.

ಆ ತಿಂಗಳುಗಳ ವಿಡಿಯೋಗಳು ಯೂಟ್ಯೂಬಿನಲ್ಲಿ ಇವೆ. ಜನ ಅವನ್ನು ನೋಡುವುದು ಕಮ್ಮಿ. ನಾನು ಅವನ್ನೇ ಹುಡುಕಿ ನೋಡುತ್ತೇನೆ. ನನ್ನ ಕಿವಿಗೆ ರೊಸ್ಸೊಮ್ಯಾಂಡೊ ಪೀಟ್‌ಗಿಂತ ಒಳ್ಳೆ ಗಿಟಾರಿಸ್ಟ್. ಕಾರ್ಡು ಜಾರುವುದಿಲ್ಲ, ಲಯ ತಪ್ಪುವುದಿಲ್ಲ. ತೊಂದರೆ ಇರುವುದೂ ಅಲ್ಲೇ. ಕಾರ್ಲ್ ಸಾಲು ಶುರು ಮಾಡಿ ಪಕ್ಕಕ್ಕೆ ತಿರುಗಿದಾಗ ಅಲ್ಲಿ ಕಸಿದುಕೊಳ್ಳುವವರು ಯಾರೂ ಇಲ್ಲ. ತನ್ನ ಸಾಲನ್ನು ತಾನೇ ಮುಗಿಸಬೇಕು. ಎರಡು ಸೈಕಲ್ಲುಗಳ ಓಣಿಯಲ್ಲಿ ಈಗ ಒನ್‌ವೇ ಆಗಿದೆ.

ಕಾರ್ಲ್ ಮಾಡಿದ್ದು ಸರಿಯಾ? ಈ ಬಗ್ಗೆ ನಾನು ಎರಡು ಸಲ ಮನಸ್ಸು ಬದಲಾಯಿಸಿದ್ದೇನೆ. ಮೊದಲು ಅವನು ದ್ರೋಹಿ ಅನ್ನಿಸಿತ್ತು. ಗೆಳೆಯನನ್ನು ಬೀದಿಗೆ ಬಿಟ್ಟು ಅವನ ಹಾಡುಗಳನ್ನೇ ಹಾಡಿ ದುಡ್ಡು ಮಾಡೋದಾ ಅಂತ. ಆಮೇಲೆ ನಮ್ಮ ಮನೆಯಲ್ಲೇ, ಹತ್ತಿರದವರೊಬ್ಬರ ಕುಡಿತವನ್ನು ಎಂಟು ವರ್ಷ ನೋಡಿದ ಮೇಲೆ, ಬಾಗಿಲು ಹಾಕಿಕೊಳ್ಳುವವರ ಕಷ್ಟ ಗೊತ್ತಾಯಿತು. ಬಾಗಿಲು ತೆರೆದಿಟ್ಟರೂ ತಪ್ಪು, ಹಾಕಿದರೂ ತಪ್ಪು. ಈಗ ನಾನು ಕಾರ್ಲ್‌ನ ಕಡೆಗೇ ಇದ್ದೇನೆ. ಆದರೂ ಆ ವಿಡಿಯೋಗಳನ್ನು ನೋಡುವಾಗ ನನ್ನ ಕಣ್ಣು ಹೋಗೋದು ಅವನ ಕಡೆಗೂ ಅಲ್ಲ. ಪಕ್ಕದಲ್ಲಿ ನಿಂತ ಅಮೆರಿಕದವನ ಕಡೆಗೆ. ಜಗಳ ಅವನದಲ್ಲ. ಚಟ ಅವನದಲ್ಲ. ಹಚ್ಚೆಯಲ್ಲಿ ಅವನಿಲ್ಲ. ಎಲ್ಲ ಹಾಡುಗಳನ್ನೂ ಕಲಿತು ಬಂದಿದ್ದಾನೆ.

2004ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಕೊನೆಯ ಕಾರ್ಯಕ್ರಮ. ಪೀಟ್ ಇಲ್ಲದೆ ಈ ಹೆಸರಿನಲ್ಲಿ ಇನ್ನು ನುಡಿಸುವುದಿಲ್ಲ ಅಂತ ಕಾರ್ಲ್ ನಿಲ್ಲಿಸಿದ. ಆರಿಸಿಕೊಂಡು ನಿಲ್ಲಿಸಿದ್ದಕ್ಕೆ ಅವನ ಮೇಲೆ ನನಗೆ ಗೌರವ ಇದೆ. ಹೆಸರಿಗೆ ಮಾರುಕಟ್ಟೆ ಇರುವಾಗ ಬಿಡುವುದು ಸುಲಭವಲ್ಲ, ಅಲ್ವಾ?

ಆಮೇಲೆ ಮನೆ ಭಾಗವಾದ ಹಾಗೆ ಆಯಿತು. ಕಾರ್ಲ್, ಪೊವೆಲ್, ರೊಸ್ಸೊಮ್ಯಾಂಡೊ, ಜೊತೆಗೆ ಡಿಡ್ಜ್ ಹ್ಯಾಮಂಡ್ ಸೇರಿ ಡರ್ಟಿ ಪ್ರಿಟಿ ಥಿಂಗ್ಸ್ ಕಟ್ಟಿದರು. 2008ರ ತನಕ ನಡೆಯಿತು. ನೆಟ್ಟಗೆ ನುಡಿಸುವ ಬ್ಯಾಂಡು. ನನಗೆ ಒಂದು ಹಾಡೂ ಬಾಯಿಪಾಠ ಇಲ್ಲ. ಪೀಟ್‌ನದು ಬೇಬಿಶ್ಯಾಂಬಲ್ಸ್, ಕಾರ್ಯಕ್ರಮಕ್ಕೆ ಅವನು ಬರುತ್ತಾನೋ ಇಲ್ಲವೋ ಅನ್ನೋದೇ ಅಲ್ಲಿನ ಜೂಜು. ಹಸಲ್ ಯೆಟಿ ಅನ್ನುವ ತನ್ನದೇ ಬ್ಯಾಂಡಿನಲ್ಲಿ ಮೆತ್ತನೆಯ ಹಾಡುಗಳನ್ನು ಹಾಡಿದ, ಈ ಸಲ ಮುಂದಿನ ಸಾಲಿನಲ್ಲಿ ನಿಂತು.

2007ರ ಏಪ್ರಿಲಿನಲ್ಲಿ ಹ್ಯಾಕ್ನಿ ಎಂಪೈರ್ ರಂಗಮಂದಿರದಲ್ಲಿ ಪೀಟ್ ಒಬ್ಬನೇ ಹಾಡುತ್ತಿದ್ದಾಗ ಕಾರ್ಲ್ ಸ್ಟೇಜಿಗೆ ಬಂದ. ಇಬ್ಬರೂ 13 ಹಾಡು ಹಾಡಿದರು. 2010ರ ಆಗಸ್ಟಿನಲ್ಲಿ ರೆಡಿಂಗ್ ಮತ್ತು ಲೀಡ್ಸ್ ಉತ್ಸವಗಳಲ್ಲಿ ನಾಲ್ವರೂ ಒಟ್ಟಾದರು. 2014ರ ಜುಲೈಯಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನುಡಿಸಿದಾಗ ಮುಂದಿನ ಸಾಲುಗಳಲ್ಲಿ ನೂಕುನುಗ್ಗಲಾಗಿ ಕಾರ್ಯಕ್ರಮವನ್ನು ಮತ್ತೆ ಮತ್ತೆ ನಿಲ್ಲಿಸಬೇಕಾಯಿತು. ಮೂರನೇ ಆಲ್ಬಂ 2015ರಲ್ಲಿ, ಥಾಯ್ಲೆಂಡಿನ ಸ್ಟುಡಿಯೋದಲ್ಲಿ ಮಾಡಿದ್ದು. ಹತ್ತು ವರ್ಷದ ಹಿಂದೆ ಪೀಟ್ ಓಡಿಬಂದಿದ್ದ ದೇಶದಲ್ಲೇ ಈ ಸಲ ಚಿಕಿತ್ಸೆಯನ್ನೂ ಪಡೆದ. ಆಲ್ಬಂ ಬಗ್ಗೆ ಹೇಳೋಕೆ ನನ್ನಲ್ಲಿ ಜಾಸ್ತಿ ಏನಿಲ್ಲ. ಎರಡು ಹಾಡು ಚೆನ್ನಾಗಿವೆ.

ನನಗೆ ಆಶ್ಚರ್ಯವಾಗಿದ್ದು ಆಮೇಲಿನ ಭಾಗ. ಇವರು ಮಾರ್ಗೇಟ್ ಅನ್ನುವ ಕಡಲೂರಿನಲ್ಲಿ ಒಂದು ಹಳೇ ಹೋಟೆಲನ್ನು ಕೊಂಡು, ಒಳಗೊಂದು ಸ್ಟುಡಿಯೋ ಮಾಡಿ, 2020ರಲ್ಲಿ ತೆರೆದರು. ಹೆಸರು ಮತ್ತೆ ಅದೇ, ಆಲ್ಬಿಯನ್ ರೂಮ್ಸ್. ಪೀಟ್ 2019ರ ಕೊನೆಗೆ ಡ್ರಗ್ಸ್ ಬಿಟ್ಟು, ಫ್ರಾನ್ಸಿನ ನಾರ್ಮಂಡಿ ಕರಾವಳಿಯಲ್ಲಿ ಸಂಸಾರ ಹೂಡಿದ. ಕಣ್ಣೆಲ್ಲ ಗುಳಿಬಿದ್ದಿದ್ದ ಹುಡುಗ ಈಗ ದಪ್ಪಗೆ, ನಗುನಗುತ್ತಾ, ನಾಯಿಗಳ ಜೊತೆ ಫೋಟೋಗಳಲ್ಲಿ ಕಾಣುತ್ತಾನೆ. ನಾಲ್ಕನೇ ಆಲ್ಬಂ 2024ರ ಏಪ್ರಿಲಿನಲ್ಲಿ ಬಂತು. ಮತ್ತೆ ಒಂದನೇ ಸ್ಥಾನ, 20 ವರ್ಷದ ಮೇಲೆ. ಅದೇ ನಾಲ್ವರು. ಹಸಲ್ ಅಲ್ಲೇ ಪಕ್ಕದಲ್ಲಿ ನಿಂತಿದ್ದಾನೆ. ಕ್ಯೂ ಇನ್ನೂ ಮುಂದಕ್ಕೆ ಹೋಗಿಲ್ಲ.

ರೊಸ್ಸೊಮ್ಯಾಂಡೊ ಏನಾದ ಅಂತ ನನಗೆ ಬಹಳ ದಿನ ಗೊತ್ತಿರಲಿಲ್ಲ. ಒಟ್ಟುಗೂಡಿದ ಬ್ಯಾಂಡಿನ ಫೋಟೋಗಳಲ್ಲಿ ಅವನಿರಲಿಲ್ಲ, ಇರಬೇಕು ಅಂತ ಯಾರೂ ಕೇಳಲೂ ಇಲ್ಲ. 2019ರ ಫೆಬ್ರುವರಿಯಲ್ಲಿ ಬೆಳಿಗ್ಗೆ ಆಫೀಸಿನ ಕ್ಯಾಬಿನಲ್ಲಿ ಕೂತು ಫೋನಿನಲ್ಲಿ ಆಸ್ಕರ್ ಸುದ್ದಿ ತಿರುವುತ್ತಿದ್ದೆ. ಅತ್ಯುತ್ತಮ ಹಾಡಿನ ಪ್ರಶಸ್ತಿ ‘ಶ್ಯಾಲೋ’ಗೆ. ಲೇಡಿ ಗಾಗಾ ಅಳುತ್ತಾ ಮಾತಾಡುತ್ತಿದ್ದಾಳೆ. ಜೊತೆಗೆ ಆ ಹಾಡು ಬರೆದ ಇನ್ನು ಮೂವರು ನಿಂತಿದ್ದಾರೆ: ಮಾರ್ಕ್ ರಾನ್ಸನ್, ಆ್ಯಂಡ್ರ್ಯೂ ವೈಯಟ್. ಮೂರನೆಯವನ ಹೆಸರನ್ನು ಎರಡು ಸಲ ಓದಿದೆ. ಆಂಥನಿ ರೊಸ್ಸೊಮ್ಯಾಂಡೊ. ಕ್ಯಾಬಿನಲ್ಲಿದ್ದ ಸಹೋದ್ಯೋಗಿಗೆ ಹೇಳೋಣ ಅಂತ ಬಾಯಿ ತೆರೆದೆ. ಎಲ್ಲಿಂದ ಶುರು ಮಾಡೋದು? ಸುಮ್ನೆ ಕೂತೆ.

ಅದಾಗಿ ಒಂದೆರಡು ವರ್ಷಕ್ಕೆ ಊರಿನಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರನ್ನು ಕೀಬೋರ್ಡಿನ ಗೆಳೆಯ ಪರಿಚಯ ಮಾಡಿಸಿದ. ಅವತ್ತು ಬಾರದೆ ಹೋದ ಗಿಟಾರಿಸ್ಟ್. ತಲೆ ಪೂರಾ ಬೆಳ್ಳಗಾಗಿತ್ತು. ಈಗ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತಾರಂತೆ. ನನಗೆ ಏನೋ ತಪ್ಪು ಮಾಡಿದವನ ಹಾಗೆ ಆಯಿತು. ‘ಅಣ್ಣಾ, ಅವತ್ತು ಗಣಪತಿ ಪೆಂಡಾಲಿನಲ್ಲಿ ನಿಮ್ಮ ಜಾಗದಲ್ಲಿ ನಾನೇ...’ ಅಂತ ತೊದಲಿದೆ.

‘ಗೊತ್ತಪ್ಪ’ ಅಂದರು. ‘ನಾನು ಬಂದಿದ್ದೆ. ಹಿಂದೆ ಮಂಡಕ್ಕಿ ಮಿರ್ಚಿ ಗಾಡಿ ಹತ್ರ ನಿಂತಿದ್ದೆ. ಮೂರು ಹಾಡು ಕೇಳಿ ಹೋದೆ.’

ಹೇಗೆ ನುಡಿಸಿದೆ ಅಂತ ಕೇಳಬೇಕು ಅನ್ನಿಸಿತು, ಕೇಳೋಕೆ ಧೈರ್ಯ ಬರಲಿಲ್ಲ. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು, ಒಂದು ತುತ್ತು ಮುರಿದುಕೊಂಡು, ನನ್ನ ಕಡೆ ನೋಡದೆಯೇ ಹೇಳಿದರು:

‘ಕೋಟು ನಿನಗೆ ಸ್ವಲ್ಪ ದೊಡ್ಡದಾಗಿತ್ತು ತಮ್ಮಾ.’